ಭಟ್ಟರು ಹಾಕಿಸಿದ ಮರು ಎಲೆ

ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಎಡಗೈಯಲ್ಲಿ ಮಾತ್ರ ಕಂಬಳಿಯಂತೆ ಒತ್ತಾಗಿ ಬೆಳೆದಿತ್ತು. ಮೂವತ್ತೆಂಟು ವರ್ಷ ಕಾದ ಕಾವಲಿಯ ಮೇಲೆ ಚಾಚಿದ ಬಲಗೈ ಅದು. ಹಬೆಯಲ್ಲಿ ಬೆಂದು, ಉಜ್ಜಿಟ್ಟ ತಾಮ್ರದಂತೆ ಹೊಳೆಯುತ್ತಿತ್ತು. ಠಾಣೆ ಶಹರದ ಪೂರ್ವಭಾಗದ ಕೋಪರಿಯಲ್ಲಿ ರೈಲು ಸ್ಟೇಷನ್ನಿಗೆ ಅಂಟಿಕೊಂಡಂತಿರುವ ಒಂದು ಉಡುಪಿ ಹೋಟೆಲಿನಲ್ಲಿ ಅವರು ದೋಸೆಯ ಭಟ್ಟರು. ಜಾತಿಯಿಂದ ಭಟ್ಟರಲ್ಲ. ಹೋಟೆಲಿನ ಲೋಕದಲ್ಲಿ ಒಲೆಯ ಮುಂದೆ ನಿಂತವರೆಲ್ಲ ಭಟ್ಟರೇ. ಅವರ ಹೆಸರು ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಇಲ್ಲಿ ಬರೆಯಬೇಕೆಂದು ಅನ್ನಿಸುವುದಿಲ್ಲ.

ನಮ್ಮಿಬ್ಬರ ಪರಿಚಯವಾದದ್ದು ಇಸ್ಪೀಟಿನ ಮೇಜಿನಲ್ಲಿ. ಡೊಂಬಿವಿಲಿಯ ನಮ್ಮ ಕನ್ನಡ ಬಳಗದಲ್ಲಿ ತಿಂಗಳ ಕೊನೆಯ ರವಿವಾರ ಮಧ್ಯಾಹ್ನ ಪೋಕರ್ ಆಡಬಹುದೆಂದು ಸೂಚಿಸಿದವನು ಐರೋಲಿಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಇಂಜಿನಿಯರ್. ದುಡ್ಡಿನ ಮಾತೆತ್ತಿದರೆ ಬಳಗದ ಬಾಗಿಲಿಗೆ ಪೊಲೀಸರು ಬಂದಾರೆಂದು ಕಾರ್ಯದರ್ಶಿಗಳು ಹೆದರಿದರು. ಆದ್ದರಿಂದ ಪ್ರವೇಶಕ್ಕೆ ಒಂದು ಪುಸ್ತಕವೆಂದು ಗೊತ್ತಾಯಿತು. ಪ್ರತಿಯೊಬ್ಬನೂ ತನ್ನ ಕಪಾಟಿನಿಂದ ಒಂದು ಕನ್ನಡ ಪುಸ್ತಕ ತರಬೇಕು. ಗೆದ್ದವನು ರಾಶಿಯಿಂದ ಮೆಚ್ಚಿದ್ದೊಂದನ್ನು ಎತ್ತಿಕೊಳ್ಳಬೇಕು. ಉಳಿದವು ಬಳಗದ ವಾಚನಾಲಯಕ್ಕೆ. ತಂದ ಪುಸ್ತಕಕ್ಕೆ ನಲವತ್ತು ಹಿತ್ತಾಳೆಯ ಬಿಲ್ಲೆಗಳು. ಹಳೆಯ ಕಾಲದ ಹೋಟೆಲ್ ಟೋಕನ್‌ಗಳಾಗಿದ್ದ ಅವನ್ನು ತಂದುಕೊಟ್ಟವರೇ ಭಟ್ಟರು.

ಮೊದಲ ದಿನ ಇಂಜಿನಿಯರ್ ನಿಯಮ ವಿವರಿಸಿದ.

"ಸರ್, ಇದು ರೀಬೈ ಟೂರ್ನಮೆಂಟ್. ಬ್ರೇಕ್ ತನಕ ಬಿಲ್ಲೆ ಖಾಲಿ ಆದ್ರೆ, ಇಲ್ಲಾ ನಲವತ್ತಕ್ಕಿಂತ ಕಮ್ಮಿ ಆದ್ರೆ, ಇನ್ನೊಂದು ಪುಸ್ತಕ ಕೊಟ್ಟು ಮತ್ತೆ ನಲವತ್ತು ತಗೋಬಹುದು. ಬ್ರೇಕಲ್ಲಿ ಎಲ್ರಿಗೂ ಒಂದು ಆಡ್-ಆನ್, ಇನ್ನೊಂದು ಪುಸ್ತಕಕ್ಕೆ ಇನ್ನಷ್ಟು ಬಿಲ್ಲೆ. ಆಮೇಲೆ ಏನೂ ಸಿಗಲ್ಲ, ಸೋತ್ರೆ ಔಟ್."

"ರೀಬೈ ಅಂದ್ರೆ ಎಂತದು?" ಎಂದು ಕಾರ್ಯದರ್ಶಿಗಳು ಕೇಳಿದರು.

"ಮರು ಎಲೆ ಮಾರಾಯ್ರೆ!" ಎಂದರು ಭಟ್ಟರು. "ಬಡಿಸಿದ್ದೆಲ್ಲ ಚೆಲ್ಲಿಹೋಯ್ತು, ಇನ್ನೊಂದು ಎಲೆ ಹಾಕಿ ಅಂತ ಕೇಳುದು."

"ಮತ್ತೆ ಆ ಆಡ್-ಆನ್?"

"ಅದು ಮಜ್ಜಿಗೆ. ಕಡೆಗೆ ಎಲ್ಲರಿಗೂ ಉಂಟು. ಬೇಡ ಹೇಳಿದವ ಪೆದ್ದ."

ಅಂದಿನಿಂದ ನಮ್ಮಲ್ಲಿ ಆಂಗ್ಲ ಪದಗಳು ಕೇಳಿಸಲಿಲ್ಲ. ಇಸ್ಪೀಟಿನ ಎಲೆಯೂ ಎಲೆಯೇ, ಊಟದ ಎಲೆಯೂ ಎಲೆಯೇ. "ಎಲೆ ಹಾಕಿ" ಎಂದು ಯಾರಾದರೂ ಕೂಗಿದರೆ ಯಾವ ಎಲೆಯೆಂದು ಕ್ಷಣಕಾಲ ಗೊಂದಲವಾಗುತ್ತಿತ್ತು. ಅದೂ ಒಂದು ಸಂತೋಷವೇ ಆಗಿತ್ತು.

ನಾನು ಮಾತ್ರ ಮರು ಎಲೆಯನ್ನು ಒಪ್ಪಲಿಲ್ಲ. ಸೋತವನು ಮತ್ತೆ ಕೊಂಡು ಕೂರುವುದಾದರೆ ಗೆಲುವಿಗೆ ಏನರ್ಥವೆಂದು ಮೂರು ಪುಟದ ಲೇಖನವೊಂದನ್ನು ಬರೆದು ಬಳಗದ ಸಭೆಯಲ್ಲಿ ಓದಿದೆ. ಹೆಚ್ಚು ಎಲೆ ಹಾಕಿಸಿಕೊಂಡವನೇ ಗೆಲ್ಲುತ್ತಾನೆಂಬುದು ಎಲ್ಲರ ಅಭಿಪ್ರಾಯವಾಗಿತ್ತು. ಪರೀಕ್ಷಿಸದೆ ಏನನ್ನೂ ನಂಬದ ನಾನು ಒಂದು ವರ್ಷ ಗಮನಿಸಿ ನೋಡಿದೆ: ನಾಲ್ಕು ಐದು ಎಲೆ ಹಾಕಿಸಿಕೊಂಡವನು ಒಮ್ಮೆಯೂ ಗೆದ್ದಿರಲಿಲ್ಲ. ಅಷ್ಟರಿಂದ ನನ್ನ ಒಂದೆಲೆಯ ವ್ರತವೇ ಸರಿಯೆಂದು ತೀರ್ಮಾನಿಸಿದೆ. ಒಂದೇ ಎಲೆಯವನೂ ಒಮ್ಮೆಯೂ ಗೆದ್ದಿರಲಿಲ್ಲವೆಂಬುದನ್ನು ಬರೆದುಕೊಳ್ಳಲಿಲ್ಲ.

ಗೆಲ್ಲುತ್ತಿದ್ದವರು ಬಹುತೇಕ ಭಟ್ಟರು. ಅವರು ಪ್ರತಿ ಸಲವೂ ಮೂರೇ ಪುಸ್ತಕಗಳನ್ನು ಹೋಟೆಲಿನ ಪಾರ್ಸಲ್ ದಾರದಿಂದ ಕಟ್ಟಿ ತರುತ್ತಿದ್ದರು: ಎಲೆಗೊಂದು, ಮರು ಎಲೆಗೊಂದು, ಮಜ್ಜಿಗೆಗೊಂದು. ನಾಲ್ಕನೆಯದು ಚೀಲದಲ್ಲಿ ಇರುತ್ತಲೇ ಇರಲಿಲ್ಲ.

"ಎಷ್ಟು ಎಲೆ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಬರ್ಬೇಕು," ಎನ್ನುತ್ತಿದ್ದರು. "ಮೇಜಿನ ಎದುರು ಕೂತು ತೀರ್ಮಾನ ಮಾಡುವವ ಆಡುದಿಲ್ಲ, ಸಿಟ್ಟು ತೀರಿಸ್ತಾನೆ."

ವಿರಾಮದ ಮೊದಲು ಎಲ್ಲರೂ ಹುಚ್ಚೆದ್ದು ಬಿಲ್ಲೆ ಚೆಲ್ಲುತ್ತಿರುವಾಗ ಅವರು ಕಾಯುತ್ತಿದ್ದರು. ಒಳ್ಳೆಯ ಎಲೆ ಬಂದರೆ ಇದ್ದಷ್ಟನ್ನೂ ಮುಂದೆ ತಳ್ಳುತ್ತಿದ್ದರು. ಹೋದರೆ ನಗುತ್ತ ಎರಡನೆಯ ಪುಸ್ತಕದ ದಾರ ಬಿಚ್ಚುತ್ತಿದ್ದರು. ಒಮ್ಮೆ ನಾನು ಅದನ್ನು ಕಂಡು ಮುಖ ಸಿಂಡರಿಸಿದಾಗ ಹೇಳಿದರು: "ಬೆಳಿಗ್ಗೆ ಮೊದಲನೇ ದೋಸೆ ಗಿರಾಕಿಗೆ ಹೋಗುದಿಲ್ಲ ಮಾರಾಯ್ರೆ. ಅದು ಕಾವಲಿಗೆ. ಅದು ಹರಿದರೆ ನಾನೆಂತ ಅಳ್ಬೇಕಾ? ಒರೆಸಿ ಎರಡನೇದು ಹುಯ್ಯುದು."

ಒಳ್ಳೆಯ ಎಲೆ ಬಂದಾಗ ಭಟ್ಟರು ಆ ಬೋಳು ಕೈಯನ್ನು ಸವರಿಕೊಳ್ಳುತ್ತಾರೆಂಬ ಮಾತೊಂದು ಬಳಗದಲ್ಲಿ ಹಬ್ಬಿತ್ತು. ಅವರು ಕೈ ಸವರಿದರೆ ಸಾಕು, ಮೇಜಿನ ಸುತ್ತ ಎಲ್ಲರೂ ಎಲೆ ಮಡಚಿ ಆ ಸುತ್ತು ಬಿಟ್ಟುಕೊಡುತ್ತಿದ್ದರು. ನಾನು ಇದನ್ನೂ ಅನುಮಾನಿಸಿದೆ. ಆರು ತಿಂಗಳು ಆ ಕೈಯನ್ನೇ ನೋಡುತ್ತ ಕುಳಿತೆ. ಅವರು ಸವರಿಕೊಳ್ಳುತ್ತಿದ್ದದ್ದು ಕರೆಂಟು ಹೋಗಿ ಫ್ಯಾನು ನಿಂತಾಗ. ಬೆವರಿದರೆ ಆ ಚರ್ಮ ತುರಿಸುತ್ತಿತ್ತು, ಅಷ್ಟೇ. ಅವರಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. "ಯಾರಿಗೂ ಹೇಳ್ಬೇಡಿ. ಇದರಿಂದ ನಾನು ಎಷ್ಟು ಪುಸ್ತಕ ಗೆದ್ದಿದ್ದೇನೆ ಗೊತ್ತುಂಟಾ?"

ಇನ್ನು ಆ ರವಿವಾರದ ಸಂಗತಿ.

ಆಟ ಶುರುವಾಗಿ ನಲವತ್ತು ನಿಮಿಷವಾಗಿತ್ತು. ನನ್ನಲ್ಲಿ ಇಪ್ಪತ್ತೆರಡು ಬಿಲ್ಲೆ ಉಳಿದಿದ್ದವು. ನನಗೆ ಬಂದ ಎರಡೆಲೆಗಳನ್ನು ಅಂಚಿನಿಂದ ಎತ್ತಿ ನೋಡಿದೆ: ರಾಜ, ಮತ್ತೊಂದು ರಾಜ! ಅಷ್ಟರಲ್ಲಿ ಇಂಜಿನಿಯರ್ ತನ್ನ ರಾಶಿಯನ್ನೆಲ್ಲ ಮುಂದೆ ತಳ್ಳಿಬಿಟ್ಟ. ಅವನ ಮುಂದೆ ಆಗಲೇ ಮೂರು ಎಲೆಗಳಷ್ಟು, ನೂರಿಪ್ಪತ್ತು ಬಿಲ್ಲೆ. ನಾನು ಲೆಕ್ಕ ಹಾಕಿದೆ. ಜೋಡಿ ರಾಜರನ್ನು ಮೀರಿಸುವ ಜೋಡಿ ಒಂದೇ, ಎಕ್ಕದ್ದು. ಆದರೆ ಅಕಸ್ಮಾತ್ ಸೋತರೆ? ತಿಂಗಳಿಡೀ ಕಾದ ಮಧ್ಯಾಹ್ನ ಇಲ್ಲಿಗೇ ಮುಗಿದು, ಖಾಲಿ ಕೈಯಲ್ಲಿ ಬೇರೆಯವರ ಆಟ ನೋಡುತ್ತ ಕೂರಬೇಕು. ವ್ರತಸ್ಥನಿಗೆ ಎರಡನೆಯ ಎಲೆಯಿಲ್ಲವಲ್ಲ! ರಾಜರಿಬ್ಬರನ್ನೂ ಮಡಚಿ ಹಿಂದಕ್ಕೆಸೆದೆ.

ಇಂಜಿನಿಯರ್ ತನ್ನ ಎಲೆಗಳನ್ನು ತೆರೆದು ತೋರಿಸಿದ. ಏಳು ಮತ್ತು ಎರಡು. ಆ ಆಟದಲ್ಲಿ ಅದಕ್ಕಿಂತ ಕೆಟ್ಟ ಕೈಯಿಲ್ಲ.

"ಸಾರಿ ಅಂಕಲ್! ನೀವು ಒಂದೇ ಎಲೆಯೋರು ಅಂತ ಗೊತ್ತಿತ್ತು. ತಳ್ಳಿದ್ರೆ ಓಡ್ತೀರಾ ಅಂತ ತಳ್ದೆ."

ಮೇಜೆಲ್ಲ ಗೊಳ್ಳೆಂದಿತು. ಭಟ್ಟರು ಮಾತ್ರ ನಗದೆ ನನ್ನತ್ತ ಬಾಗಿದರು.

"ದೊಡ್ಡ ಜೋಡಿಯೇ ಇತ್ತು ಅಲ್ವಾ ನಿಮ್ಮತ್ರ?"

"ಲೆಕ್ಕಾ ಹಾಕಿ ಬಿಟ್ಟೆನ್ರಿ," ಎಂದೆ.

"ಲೆಕ್ಕ ಅಲ್ಲ, ಹೆದರಿಕೆ. ಇನ್ನೊಂದು ಎಲೆ ಉಂಟು ಅಂತ ಗೊತ್ತಿದ್ದವ ರಾಜನನ್ನು ಬಿಸಾಡುದಿಲ್ಲ. ನಿಮ್ಮದು ವ್ರತವೂ ಅಲ್ಲ ಎಂತದೂ ಅಲ್ಲ. ಹಠ."

ನನಗೆ ಮೈ ಉರಿಯಿತು. ಚೀಲದಲ್ಲಿ ರೈಲಿನಲ್ಲಿ ಓದಲೆಂದು ತಂದ ಇನ್ನೊಂದು ಪುಸ್ತಕವಿತ್ತು. ತಾಮ್ರಶಾಸನಗಳ ಕುರಿತು ಯಾರೋ ವಿದ್ವಾಂಸರು ಬರೆದದ್ದು. ಕಲ್ಯಾಣದ ರದ್ದಿ ಅಂಗಡಿಯಲ್ಲಿ ಸಿಕ್ಕಿತ್ತು. ಅವರ ತಪ್ಪುಗಳನ್ನು ಪುಟಪುಟದ ಅಂಚಿನಲ್ಲೂ ನಾನು ಪೆನ್ಸಿಲ್ಲಿನಿಂದ ಗುರುತಿಸಿದ್ದೆ. ಅದನ್ನೇ ಮೇಜಿನ ಮೇಲೆ ಕುಕ್ಕಿ, "ಹಾಕ್ರಿ ಎಲಿ!" ಎಂದೆ.

ಕಾರ್ಯದರ್ಶಿಗಳು ಎದ್ದುನಿಂತರು. ಯಾರೋ ಶಿಳ್ಳೆ ಹೊಡೆದರು. "ಅಂಕಲ್ ಮರು ಎಲೆ ತಗೊಂಡ್ರು!" ಎಂದು ಇಂಜಿನಿಯರ್ ಕೂಗಿದ್ದು ಕೆಳಗಿನ ಅಂತಸ್ತಿನ ಟ್ಯೂಷನ್ ಕ್ಲಾಸಿಗೂ ಕೇಳಿಸಿರಬೇಕು.

ಆಮೇಲಿನದು ಬೇರೆಯೇ ಆಟ. ಎಲೆಗಳು ಅವೇ, ಮೇಜು ಅದೇ, ಆದರೆ ನನ್ನ ಕುತ್ತಿಗೆಯ ಮೇಲಿನ ಕೈಯನ್ನು ಯಾರೋ ತೆಗೆದಂತಿತ್ತು. ರಾಣಿ ಜೋಡಿ ಬಂದಾಗ ಎಲ್ಲವನ್ನೂ ತಳ್ಳಿದೆ. ಇಂಜಿನಿಯರ್ ನಾನು ಹುಸಿ ಬೆದರಿಕೆ ಹಾಕುತ್ತಿದ್ದೇನೆಂದು ಬಗೆದು ತಾನೂ ಅಷ್ಟೇ ಬಿಲ್ಲೆ ಮುಂದಿಟ್ಟ. ಅವನ ಅರ್ಧ ರಾಶಿ ನನ್ನ ಪಾಲಾಯಿತು. ಕಾರ್ಯದರ್ಶಿಗಳು ನಂಬಿ ಕೊಟ್ಟ ಕಡದ ಪುಸ್ತಕದಿಂದ ಮಜ್ಜಿಗೆಯನ್ನೂ ಕುಡಿದೆ. ವಿರಾಮದ ನಂತರ ಒಬ್ಬೊಬ್ಬರಾಗಿ ಏಳತೊಡಗಿದರು. ಆರು ಗಂಟೆಯ ಹೊತ್ತಿಗೆ ಮೇಜಿನಲ್ಲಿ ಉಳಿದವರು ಇಬ್ಬರೇ, ಭಟ್ಟರು ಮತ್ತು ನಾನು. ಸುತ್ತ ಕುರ್ಚಿಗಳ ಮೇಲೆ ಹತ್ತಿ ನಿಂತ ಜನ.

ನನಗೆ ಎಕ್ಕ ಮತ್ತು ಒಂಬತ್ತು. ತಳ್ಳಿದೆ. ಭಟ್ಟರು ಕ್ಷಣವೂ ತಡೆಯದೆ ತಳ್ಳಿದರು. ಎಲೆ ತೆರೆದೆವು. ಅವರದು ಜೋಡಿ ಎಂಟು. ನಡುವೆ ಇಬ್ಬರಿಗೂ ಸೇರಿ ಬೀಳಬೇಕಾದ ಐದೆಲೆಗಳಲ್ಲಿ ಮೊದಲ ಮೂರು: ನಾಲ್ಕು, ಗುಲಾಮ, ಒಂಬತ್ತು! ನನಗೆ ಜೋಡಿ ಒಂಬತ್ತಾಯಿತು, ನಾನು ಮುಂದೆ! ನಾಲ್ಕನೆಯದು ಎರಡು. ಇನ್ನೊಂದೇ ಎಲೆ. ಕಟ್ಟಿನಲ್ಲಿ ಉಳಿದ ಎಂಟುಗಳು ಎರಡೇ. ಐದು ವರ್ಷದಲ್ಲಿ ಮೊದಲ ಬಾರಿ ಗೆಲುವು ಕೈಗೆ ತಾಗುವಷ್ಟು ಹತ್ತಿರವಿತ್ತು.

ಐದನೆಯ ಎಲೆ, ಆಟೀನಿನ ಎಂಟು. ಭಟ್ಟರಿಗೆ ಮೂರು ಎಂಟಾಯಿತು.

ಕೂಗು ತಾರಸಿಗೆ ಮುಟ್ಟಿತು. ನಾನು ಕೂಡ ಕೂಗುತ್ತಿದ್ದೆನೆಂಬುದು ಸ್ವಲ್ಪ ಹೊತ್ತಿನ ಮೇಲೆ ಅರಿವಾಯಿತು. ಸೋತು ಅಷ್ಟು ಸಂತೋಷಪಟ್ಟದ್ದು ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ.

ಗೆದ್ದ ಭಟ್ಟರು ಪುಸ್ತಕದ ರಾಶಿಯಿಂದ ನನ್ನ ತಾಮ್ರಶಾಸನವನ್ನೇ ಎತ್ತಿಕೊಂಡರು.

ಹದಿನೈದು ದಿನಗಳಾದ ಮೇಲೆ ಹೋಟೆಲಿಗೆ ಹೋದಾಗ ಅವರು ಮಧ್ಯಾಹ್ನದ ಬಿಡುವಿನಲ್ಲಿ ಹಿತ್ತಿಲ ಸ್ಟೂಲಿನ ಮೇಲೆ ಕುಳಿತು ಅದನ್ನು ಓದುತ್ತಿದ್ದರು.

"ಪುಸ್ತಕ ನನಗೆ ಅರ್ಥ ಆಗುದಿಲ್ಲ. ನೀವು ಅಂಚಿನಲ್ಲಿ ಬರ್ದದ್ದು ಓದ್ತಿದ್ದೇನೆ. ಭಾರೀ ಉಂಟು! ಎಷ್ಟು ಓದಿದ್ದೀರಿ ನೀವು?"

ಆ ಪ್ರಶ್ನೆಗೆ ನನ್ನಲ್ಲಿ ನಲವತ್ತನಾಲ್ಕು ವರ್ಷಗಳಿಂದ ಸಿದ್ಧ ಉತ್ತರವೊಂದಿತ್ತು. ಕಲ್ಯಾಣದ ರಾತ್ರಿಶಾಲೆಯಿಂದ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕುಳಿತೆ, ಗಣಿತದ ಉತ್ತರಪತ್ರಿಕೆ ತಿದ್ದಿದವನು ಅಂಕ ಕೂಡುವಾಗ ತಪ್ಪು ಮಾಡಿದ, ನಪಾಸಾದೆ, ಅಂಥ ಅನ್ಯಾಯದ ಪರೀಕ್ಷೆಗೆ ಮತ್ತೆ ಕೂರಲಾರೆನೆಂದು ಬಿಟ್ಟೆ. ಅಂಬರನಾಥದ ಕಾರ್ಖಾನೆಯಲ್ಲಿ ಲೇಥ್ ಮುಂದೆ ನಿಂತೇ ನಿವೃತ್ತನಾದೆ. ಸೂಪರ್‌ವೈಸರ್ ಕುರ್ಚಿ ಮೂರು ಸಲ ಪಕ್ಕದಿಂದ ಹಾದುಹೋಯಿತು. ಅದಕ್ಕೆ ಹತ್ತನೆಯ ಇಯತ್ತೆ ಬೇಕಿತ್ತು.

ಭಟ್ಟರು ಪೂರ್ತಿ ಕೇಳಿದರು. "ಆ ಪೇಪರ್ ನೀವು ನೋಡಿದ್ದೀರಾ?"

"ಇಲ್ರಿ. ಆವಾಗ ಎಲ್ಲಿ ತೋರಸ್ತಿದ್ರು?"

"ಮತ್ತೆ ತಪ್ಪು ಕೂಡಿಸಿದ್ದು ಹೇಗೆ ಗೊತ್ತು?"

ನಾನು ಅವರ ಕೈಯಿಂದ ಪುಸ್ತಕ ತೆಗೆದುಕೊಂಡು ಪುಟ ತಿರುವತೊಡಗಿದೆ.

"ಎಲ್ಲರೂ ಹೇಳಿದ್ದನ್ನು ಅನುಮಾನ ಮಾಡ್ತೀರಿ ಮಾರಾಯ್ರೆ. ನಿಮ್ಮದೊಂದನ್ನು ಬಿಟ್ಟು."

ಮಾತು ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಂದಿನ ರವಿವಾರ ಅವರು ಡೊಂಬಿವಿಲಿಗೆ ಬಂದು, ಶಾಲೆಗೆ ಹೋಗದೆ ಹೊರಗಿನಿಂದ ಪರೀಕ್ಷೆಗೆ ಕೂರುವವರು ತುಂಬುವ ಹದಿನೇಳನೆಯ ನಂಬರಿನ ಫಾರ್ಮಿನ ವಿವರಗಳನ್ನು ಹೋಟೆಲಿನ ಗಿರಾಕಿ ಮಾಸ್ತರರೊಬ್ಬರಿಂದ ಬರೆಸಿ ತಂದು ನನ್ನ ಕೈಗಿತ್ತರು. "ಮೊದಲೇ ತೀರ್ಮಾನ ಮಾಡಿ, ಎಷ್ಟು ಎಲೆ?"

"ಎರಡು," ಎಂದೆ. ಆಗ ನನಗೆ ಅರವತ್ತಮೂರು.

ಮಾರ್ಚಿನ ಪರೀಕ್ಷೆಯಲ್ಲಿ ಎಲ್ಲ ವಿಷಯದಲ್ಲೂ ಪಾಸಾಗಿ ಗಣಿತದಲ್ಲಿ ಇಪ್ಪತ್ತೊಂಬತ್ತು ಬಂತು. ಮೂವತ್ತೈದು ಬೇಕಿತ್ತು. ನನಗೆ ಹಳೆಯ ಸಿಟ್ಟು ಹೆಡೆಯೆತ್ತಿತು: ಕೂಡುವುದರಲ್ಲಿ ಮತ್ತೆ ತಪ್ಪಾಗಿದೆ! ಈಗ ಕಾಲ ಬದಲಾಗಿದೆ. ಅರ್ಜಿ ಹಾಕಿದರೆ ಉತ್ತರಪತ್ರಿಕೆಯ ನಕಲು ಸಿಗುತ್ತದೆ. ತರಿಸಿದೆ. ನೇರವಾಗಿ ಕೋಪರಿಗೆ ಒಯ್ದು ಭಟ್ಟರ ಮುಂದೆ ಹರಡಿದೆ. ಹಿತ್ತಿಲಲ್ಲಿ ಕುಳಿತು ಅವರು ಕೂಡಿದರು, ನಾನು ಕೂಡಿದೆ, ಮತ್ತೆ ಇಬ್ಬರೂ ಸೇರಿ ಗಟ್ಟಿಯಾಗಿ ಓದುತ್ತ ಕೂಡಿದೆವು. ಇಪ್ಪತ್ತೊಂಬತ್ತು. ಮೂರು ಸಲವೂ ಇಪ್ಪತ್ತೊಂಬತ್ತು.

ಭಟ್ಟರು ಒಳಗೆ ಹೋಗಿ, ಆರಿದ ಕಾವಲಿಯನ್ನು ನನಗಾಗಿಯೇ ಮತ್ತೆ ಕಾಯಿಸಿ ಒಂದು ದೋಸೆ ತಂದಿಟ್ಟರು. ನಾನು ಅರ್ಧ ತಿಂದ ಮೇಲೆ ಕೇಳಿದರು: "ಈ ತ್ರಿಕೋನದ ಲೆಕ್ಕ ನಿಮಗೆ ಬರುದಿಲ್ಲ ಅಲ್ವಾ?"

"ಬರೂದಿಲ್ರಿ," ಎಂದೆ. ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದೆ.

"ಹಾಗಾದ್ರೆ ಕಲಿಯುವಾ. ಆ ಇಂಜಿನಿಯರನ್ನು ಹಿಡಿಯಿರಿ. ಏಳು-ಎರಡು ತೋರಿಸಿ ನಿಮ್ಮನ್ನು ಓಡಿಸಿದ್ದಾನೆ, ಸಾಲ ಉಂಟು ಅವನದ್ದು."

ಇಂಜಿನಿಯರ್ ಪ್ರತಿ ಶನಿವಾರ ಐರೋಲಿಯಿಂದ ಬಂದ. ತ್ರಿಕೋನಗಳನ್ನು ಅವನಿಗೂ ನೆಮ್ಮದಿಯಿಲ್ಲದಂತೆ ಪ್ರಶ್ನಿಸಿ ಪ್ರಶ್ನಿಸಿ ಕಲಿತೆ. ಜುಲೈನಲ್ಲಿ ಮರುಪರೀಕ್ಷೆಯಿತ್ತು. ಅದಕ್ಕೆ ಒಂಬತ್ತು ದಿನ ಮೊದಲು, ಬೆಳಗಿನ ಪಾಳಿಗೆ ಹೊರಟ ಭಟ್ಟರು ತಮ್ಮ ಚಾಳಿನ ಮೆಟ್ಟಿಲ ಮೇಲೆ ಸ್ವಲ್ಪ ಕೂರುತ್ತೇನೆಂದು ಕುಳಿತರಂತೆ. ಏಳಲಿಲ್ಲ. ಹೋಟೆಲು ಒಂದು ಹೊತ್ತು ಬಾಗಿಲು ಹಾಕಿತ್ತು. ಕೋಪರಿಯಲ್ಲಿ ನಾನು ಕಂಡಂತೆ ಅದೊಂದೇ ದಿನ.

ಪರೀಕ್ಷೆಗೆ ಹೋದೆ. ನಲವತ್ತೊಂದು ಬಂತು. ಮೊಬೈಲಿನಲ್ಲಿ ಆ ಅಂಕ ಕಂಡಾಗ ಡೊಂಬಿವಿಲಿಯ ಪ್ಲಾಟ್‌ಫಾರ್ಮಿನ ಮೇಲೆ ನಾನು ಕೂಗಿದ ಕೂಗಿಗೆ ಬದಲಾಪುರದ ಗಾಡಿಗೆ ಕಾಯುತ್ತಿದ್ದ ಜನವೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿ ನಿಂತಿದ್ದ ಮರಾಠಿ ಹುಡುಗಿಯೊಬ್ಬಳು ಮೊಮ್ಮಗನ ಫಲಿತಾಂಶವೇ ಎಂದು ಕೇಳಿದಳು. ನನ್ನದೇ ಎಂದೆ. ಅವಳು ಬೆರಗಾಗಿ, "ಇತಕಾ ಉಶೀರ ಕಾ, ಕಾಕಾ?" ಎಂದಳು. ಇಷ್ಟು ತಡ ಏಕೆಂದು.

ನಲವತ್ತನಾಲ್ಕು ವರ್ಷದ ಉತ್ತರ ನಾಲಗೆಯ ತುದಿಯವರೆಗೆ ಬಂದಿತ್ತು.

"ಗಣಿತ ಬರುತ್ತಿರಲಿಲ್ಲ ಮಗಳೇ," ಎಂದು ನನಗೆ ತಿಳಿದಷ್ಟು ಮರಾಠಿಯಲ್ಲಿ ಹೇಳಿ, ಅವಳೊಂದಿಗೆ ನಾನೂ ನಕ್ಕೆ.