ನಾಗಕ್ಕನ ಹೆಸರು ಅಳಿಸಿದ ದಿನ

ದೆವ್ವ, ಗಾಳಿ ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಇಂಥ ಕಥೆ ಶುರುಮಾಡಿದರೆ ಮೊದಲು ನಗುತ್ತಿದ್ದವನೇ ನಾನು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಮೊಳಕಾಲ್ಮೂರಿನ ಒಂದು ನೇಕಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ರೇಷ್ಮೆ ಸೀರೆಯ ಯಾವ ಅಂಚನ್ನು, ಯಾವ ಸೆರಗನ್ನು ಮೊದಲು ಯಾರು ನೇಯ್ಗೆಯ ಮಾದರಿಯಾಗಿ ಗ್ರಾಫ್ ಹಾಳೆಯಲ್ಲಿ ಬರೆದರು ಎಂಬ ಪಟ್ಟಿ ಇಡಲು ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ. ಪಟ್ಟಿಗೆ ಬೇರೆ ಫೈಲ್ ಮಾಡಿರಲಿಲ್ಲ. ಪ್ರೋಗ್ರಾಂ ಇದ್ದ ಫೈಲಿನಲ್ಲೇ, ಅದರ ಕೊನೆಯ ಸಾಲಿನ ಕೆಳಗೆ, ಹೆಸರುಗಳನ್ನೂ ಸೇರಿಸಿದ್ದೆ. ಹೆಸರು ಬದಲಾಯಿಸಿದರೆ ಪ್ರೋಗ್ರಾಂ ತನ್ನ ಫೈಲನ್ನು ತಾನೇ ತಿದ್ದಿ ಬರೆದುಕೊಳ್ಳುತ್ತಿತ್ತು. ನಮ್ಮಲ್ಲಿ ಪ್ರಿಂಟರ್ ಇರಲಿಲ್ಲ, ಫ್ಲಾಪಿ ಹಿಡಿದು ಬಸ್ಸಿನಲ್ಲಿ ಚಳ್ಳಕೆರೆಗೆ ಹೋಗಬೇಕು. ಎರಡು ಫೈಲ್ ಇದ್ದರೆ ಒಂದನ್ನು ಮರೆತು ಹೋಗುವ ಆಸಾಮಿ ನಾನು. ಈ ಒಂದೇ ಫೈಲಿನ ಏರ್ಪಾಟನ್ನು ಗೆಳೆಯರು ಗೇಲಿ ಮಾಡಿದರೂ ನಾನು ಬೀಗುತ್ತಿದ್ದೆ.

ಆ ವರ್ಷ ಜೋಡಿ ನವಿಲಿನ ಸೆರಗಿಗೆ ಪ್ರಶಸ್ತಿ ಬರುವ ಸೂಚನೆ ಇತ್ತು. ಅದನ್ನು ಬರೆದವಳು ನಾಗಕ್ಕ. ಗಂಡ ಮಗ್ಗದಲ್ಲಿ ಕೂತಿದ್ದರೆ ಆಕೆ ಹೊಸ್ತಿಲ ಬಳಿ ಕೂತು ಒಂದೊಂದೇ ಚೌಕಕ್ಕೆ ಬಣ್ಣ ತುಂಬುತ್ತಿದ್ದುದನ್ನು ನಾನೇ ಕಂಡಿದ್ದೆ. ಗಂಡಸು ನೇಯ್ದ ಸೀರೆಗೆ ಹೆಂಗಸಿನ ಹೆಸರನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಆಕೆಯ ಹೆಸರು ಇದ್ದುದು ನನ್ನ ಪಟ್ಟಿಯಲ್ಲಿ ಮಾತ್ರ.

ಪಟ್ಟಿಯ ಪ್ರಿಂಟ್ ಸಮೇತ ಪ್ರಶಸ್ತಿಗೆ ಅರ್ಜಿ ಕಳಿಸುವ ದಿನ ಬೆಳಿಗ್ಗೆ ಸಂಘದ ಅಧ್ಯಕ್ಷರು ಬಂದರು. "ಲೇ, ಆಯಮ್ಮಂದು ತೆಗ್ದು ನಮ್ ಭಾಮೈದನ ಹೆಸ್ರು ಹಾಕು. ಹೆಂಗಸ್ರು ಸ್ಟೇಜ್ ಹತ್ತಿ ಏನ್ ಮಾತಾಡ್ತಾರೆ?" ಎಂದರು. ನನ್ನ ನೌಕರಿ ಕಾಯಂ ಆಗುವುದರಲ್ಲಿತ್ತು. ಅವರ ಎದುರೇ ಬದಲಾಯಿಸಿದೆ.

ಚಳ್ಳಕೆರೆಯ ಅಂಗಡಿಯಲ್ಲಿ ಫ್ಲಾಪಿ ಹಾಕಿ ನೋಡಿದರೆ ನಾಗಕ್ಕ ಎಂದೇ ಇದೆ. ಮತ್ತೆ ತಿದ್ದಿದೆ. ಪರದೆಯ ಮೇಲೆ ಹೊಸ ಹೆಸರು ಬಂತು, ಪ್ರಿಂಟ್ ತೆಗೆದ ಹಾಳೆಯಲ್ಲಿ ಮಾತ್ರ ನಾಗಕ್ಕ. ಪ್ರೋಗ್ರಾಂ ಸಹವಾಸವೇ ಬೇಡವೆಂದು ಫೈಲನ್ನು ನೇರವಾಗಿ ತೆರೆದು ಆ ಸಾಲನ್ನು ಕೈಯಾರೆ ಅಳಿಸಿದೆ. ಮುಚ್ಚಿ ತೆರೆದರೆ ಅದೇ ಸಾಲು, ಅದೇ ಜಾಗದಲ್ಲಿ. ಪರೀಕ್ಷೆಗೆಂದು ಬೇರೆ ಹೆಸರುಗಳನ್ನು ತಿದ್ದಿ ನೋಡಿದೆ, ಅವೆಲ್ಲ ಸಲೀಸಾಗಿ ಬದಲಾದವು. ಹಾಡಹಗಲಲ್ಲಿ, ಅಷ್ಟು ಜನರ ನಡುವೆ, ಫ್ಲಾಪಿಯನ್ನು ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿದೆ.

ಕೊನೆಗೆ ಹಾಳೆಯಲ್ಲಿದ್ದ ಆ ಹೆಸರಿಗೆ ವೈಟ್ನರ್ ಬಳಿದು, ಅದರ ಮೇಲೆ ಪೆನ್ನಿನಿಂದ ಅಧ್ಯಕ್ಷರ ಭಾವಮೈದುನನ ಹೆಸರು ಬರೆದು, ಜೆರಾಕ್ಸ್ ಮಾಡಿಸಿ ಕಳಿಸಿದೆ. ನಾಚಿಕೆಗೆಟ್ಟ ಕೆಲಸ. ಕಾಗದ ಏನೂ ತಕರಾರು ಮಾಡಲಿಲ್ಲ.

ಬಲ್ಲವರನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಫ್ಲಾಪಿ ಕೆಟ್ಟಿತ್ತು ಎನ್ನುತ್ತಾರೆ. ಕೆಟ್ಟಿದ್ದು ಆ ಒಂದೇ ಸಾಲಿಗೆ ಹೇಗೆ ಎಂದರೆ ಬೇರೆ ಫ್ಲಾಪಿ ಹಾಕಿ ನೋಡಬೇಕಿತ್ತು ಎನ್ನುತ್ತಾರೆ.

ಭಾವಮೈದುನನಿಗೆ ಪ್ರಶಸ್ತಿ ಬಂದ ಸುದ್ದಿ ಕೇಳಿ ನಾಗಕ್ಕ ಸಂಘಕ್ಕೆ ಬಂದಳು. "ನಿನ್ ಹೆಸ್ರು ಬರ್ದಿದ್ದೀನಿ ಅಂತ ನೀನೇ ಅಂದಿದ್ದೆ ಅಲ್ವೇನಪ್ಪಾ?" ಎಂದಳು.

"ಕಂಪ್ಯೂಟರ್‌ನಾಗೆ ತಪ್ಪಾಗೈತಕ್ಕ" ಎಂದೆ.

ಆಕೆ ಮೇಜಿನ ಮೇಲಿದ್ದ ಕಂಪ್ಯೂಟರನ್ನು ನೋಡಿದಳು. "ಹೋಗ್ಲಿ ಬಿಡು, ಅದಕ್ಕೇನ್ ಗೊತ್ತಿರ್ತೈತೆ ಪಾಪ" ಎಂದು ಹೊರಟಳು.

ಪಟ್ಟಿ ಪರದೆಯ ಮೇಲೆ ತೆರೆದೇ ಇತ್ತು. ಜೋಡಿ ನವಿಲಿನ ಮುಂದೆ ಆಕೆಯ ಹೆಸರೇ ಇತ್ತು. ಆಕೆಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಲಿಲ್ಲ.