ಟೇಪಕ್ಕನೂ ಒದ್ದೆ ಚಡ್ಡಿಯೂ

ರೆಡಿಮೇಡ್ ಅಂಗಡಿಯ ಎರಡನೇ ಮಹಡಿಯಲ್ಲಿ ಶರ್ಟು ಮಾರುವ ಹೆಂಗಸಿಗೆ ಟೇಪಕ್ಕ ಎಂದು ಹೆಸರು ಬಿದ್ದದ್ದು ಸದಾ ಕೊರಳಲ್ಲಿ ನೇತಾಡುವ ಅಳತೆ ಟೇಪಿನಿಂದ. ಆ ಟೇಪು ಹೆಚ್ಚುಕಡಿಮೆ ಅಲಂಕಾರಕ್ಕೆ. ಗಿರಾಕಿ ಮೆಟ್ಟಿಲು ಹತ್ತಿ ಬರುವಾಗಲೇ ಕೊರಳಿನ ಅಳತೆ ಅವಳ ಕಣ್ಣಿಗೆ ಸಿಕ್ಕಿರುತ್ತಿತ್ತು. ರಾಶಿ ಶರ್ಟು ಬಿಚ್ಚಿಸಿ, "ಆಮೇಲೆ ಬರ್ತೀವಿ" ಎಂದು ಹೋಗುವವರ ಬೆನ್ನಿಗೂ ನಗುತ್ತಾ, ಕಾಲರಿನೊಳಗೆ ರಟ್ಟಿನ ಪಟ್ಟಿ ತೂರಿಸಿ, ತೋಳು ಹಿಂದಕ್ಕೆ ಮಡಿಸಿ, ಗುಂಡುಸೂಜಿ ಚುಚ್ಚಿ ಮತ್ತೆ ಹೊಸದರಂತೆ ಮಾಡಿಡುವಳು. ಕೂರಲು ಸ್ಟೂಲಿಲ್ಲ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಟಾಯ್ಲೆಟ್ಟಿನ ಬೀಗದ ಕೈ.

ಹೆಂಗಸರ ಟಾಯ್ಲೆಟ್ ಇದ್ದದ್ದು ನೆಲಮಾಳಿಗೆಯಲ್ಲಿ, ಗೋದಾಮಿನ ಹಿಂದೆ. ಬೀಗದ ಕೈ ಮ್ಯಾನೇಜರನ ಮೇಜಿನ ಮೇಲೆ. ಕಳೆದುಹೋಗದಿರಲೆಂದು ಆ ಮಹಾನುಭಾವ ಅದಕ್ಕೊಂದು ಮೊಳದುದ್ದದ ಮರದ ತುಂಡು ಕಟ್ಟಿದ್ದ. ಅದನ್ನು ಹಿಡಿದು ಹೊರಟರೆ ಇಡೀ ಅಂಗಡಿಗೆ ಡಂಗುರ ಸಾರಿದ ಹಾಗೆ. "ಈಗ ತಾನೇ ಹೋಗಿ ಬಂದ್ರಲ್ಲಮ್ಮಾ?" ಎಂದು ಗಿರಾಕಿಗಳೆದುರೇ ಕೇಳುವುದು ಅವನಿಗೊಂದು ತಮಾಷೆ. ಹೀಗಾಗಿ ಟೇಪಕ್ಕ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಬೆಳಿಗ್ಗೆ ತುಂಬಿಸಿಕೊಂಡ ಬಾಟಲಿ ಸಂಜೆ ಹಾಗೇ ವಾಪಸು ಬಂದು, ಬಾಗಿಲ ಪಕ್ಕದ ಕುಂಡಕ್ಕೆ ಸುರಿದುಹೋಗುತ್ತಿತ್ತು. ಗಿಡ ಮಾತ್ರ ಸೊಂಪಾಗಿತ್ತು.

ಅವಳ ಮಗಳಿಗೆ ಮೂರು ವರ್ಷ. ಇದ್ದದ್ದೇ ಚೋಟುದ್ದ, ಹಾಗಾಗಿ ಕರೆಯುವುದೂ ಚೋಟು ಎಂದೇ. ಟೇಪಕ್ಕನ ಅತ್ತೆ ಒಮ್ಮೆಯೂ ಗದರದೆ, "ಬಂತಾ ಕಂದಾ?" ಎಂದು ಕೇಳಿ ಕೇಳಿ, ಮೊಮ್ಮಗಳಿಗೆ ಒಂದಕ್ಕೆ ಎರಡಕ್ಕೆ ಹೇಳಿ ಹೋಗುವುದನ್ನು ಕಲಿಸಿದ್ದರು. ಹಾಸಿಗೆ ಒದ್ದೆಯಾಗದೆ ತಿಂಗಳುಗಳೇ ಕಳೆದಿದ್ದವು. ಅಷ್ಟರಲ್ಲಿ ನಾದಿನಿಯ ಹೆರಿಗೆಯೆಂದು ಅತ್ತೆ ಅವಳ ಮನೆಗೆ ಹೋದರು. ಗಂಡ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಚೋಟು ನರ್ಸರಿ ಸೇರಿದಳು.

ಮೊದಲ ಸಂಜೆಯೇ ಗೇಟಿನಲ್ಲಿ ಮಿಸ್ಸು ಗಂಟು ಹಾಕಿದ ಪ್ಲಾಸ್ಟಿಕ್ ಕವರೊಂದನ್ನು ಎರಡು ಬೆರಳಲ್ಲಿ ಎತ್ತಿ ಕೊಟ್ಟಳು. ಒಳಗೆ ಒದ್ದೆ ಚಡ್ಡಿ. ಮಾರನೇ ದಿನವೂ ಕವರು. ಆ ವಾರ ಪೂರ್ತಿ ಕವರು.

"ಮನೇಲಿ ಏನೂ ಕಲಿಸಿಲ್ವಾ?" ಎಂದಳು ಮಿಸ್ಸು, ಉಳಿದ ತಾಯಂದಿರಿಗೂ ಕೇಳುವ ಹಾಗೆ. "ಬೆಲ್ ಹೊಡೆದಾಗ ಎಲ್ಲರನ್ನೂ ಸಾಲಾಗಿ ಕರ್ಕೊಂಡು ಹೋಗ್ತೀವಿ. ಆಗ ಬಂದಿಲ್ಲ ಅಂತಾಳೆ, ಪಾಠದ ಮಧ್ಯೆ ಬಂತು ಅಂತಾಳೆ. ಹೀಗೇ ಆದ್ರೆ ಮೊದಲು ಕಲಿಸಿ, ಆಮೇಲೆ ಕಳಿಸಿ."

ಟೇಪಕ್ಕ ನಾಚಿಕೆಯಿಂದ ಭೂಮಿಗಿಳಿದು ಹೋದಳು. ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ನರ್ಸರಿ ತಪ್ಪಿದರೆ ಕೆಲಸವೂ ತಪ್ಪಿದಂತೆ. ಆ ಭಯಕ್ಕೆ ಅವಳೂ ಮಗಳ ಮೇಲೆ ಕಣ್ಣು ಕೆಂಪಗೆ ಮಾಡಿದಳು. ಮೂರು ವರ್ಷದ ಮಗುವಿನ ಉಚ್ಚೆ ಬೆಲ್ಲಿಗೆ ಸರಿಯಾಗಿ ಬರಬೇಕಂತೆ! ಕೋರ್ಟಿನ ಜಡ್ಜಿಗೂ ಹಾಗೆ ಬರುವುದಿಲ್ಲ. ಅದನ್ನು ಹೇಳಲು ಅವತ್ತು ಅವಳಿಗೆ ಬಾಯಿ ಬರಲಿಲ್ಲ, ಅಷ್ಟೆ.

ಮುಂದಿನ ವಾರ ಪವಾಡ ನಡೆಯಿತು. ಕವರು ನಿಂತು, ಚೋಟುವಿನ ಹಣೆಯ ಮೇಲೆ ನಕ್ಷತ್ರದ ಸ್ಟಿಕರು ಬಂತು. "ನೋಡಿದ್ರಾ, ಸ್ವಲ್ಪ ಬಿಗಿ ಮಾಡಿದ್ರೆ ಕಲೀತಾರೆ" ಎಂದು ಮಿಸ್ಸು ಬೀಗಿದಳು. ಟೇಪಕ್ಕನಿಗೆ ಹೋದ ಜೀವ ಬಂದಂತಾಯಿತು. ಮನೆಗೆ ಬಂದೊಡನೆ ಚೋಟು ಅಮ್ಮನ ಪಕ್ಕ ನಿಂತು ತನ್ನ ಬಾಟಲಿಯ ನೀರನ್ನೂ ಕುಂಡಕ್ಕೆ ಸುರಿಯುವಳು. ನನ್ನ ಬಂಗಾರಿಗೆ ಗಿಡದ ಮೇಲೆ ಎಷ್ಟು ಪ್ರೀತಿ ಎಂದು ತಾಯಿ ಮುದ್ದಾಡಿದಳು.

ಒಂದು ಸಂಜೆ ಬಚ್ಚಲಿನಿಂದ ಚೋಟು ಕಿರುಚಿದಳು. "ಉರಿ ಅಮ್ಮಾ, ಉರಿ!"

ಟೇಪಕ್ಕ ಮಗುವನ್ನೆತ್ತಿಕೊಂಡು ಬೀದಿ ತುದಿಯ ಡಾಕ್ಟರಮ್ಮನ ಹತ್ತಿರ ಓಡಿದಳು. ಡಾಕ್ಟರಮ್ಮ ನಾಲಿಗೆ ನೋಡಿ, ಒಣಗಿದ ತುಟಿ ಮುಟ್ಟಿ, "ನೀರೇ ಕುಡಿಸ್ತಿಲ್ವೇನಮ್ಮಾ?" ಎಂದರು.

"ದಿನಾ ಬಾಟಲಿ ತುಂಬ ಕಳಿಸ್ತೀನಿ ಮೇಡಂ" ಎನ್ನುವಷ್ಟರಲ್ಲಿ ಕುಂಡದ ಗಿಡ ಕಣ್ಮುಂದೆ ಬಂದು ಅವಳು ಮಗಳ ಕಡೆ ತಿರುಗಿದಳು. "ಯಾಕೆ ಕುಡಿಯಲ್ಲ ಚಿನ್ನಾ?"

"ಕುಡಿದ್ರೆ ಬರುತ್ತೆ. ಬಂದ್ರೆ ಮಿಸ್ಸು ಬೈತಾರೆ." ಚೋಟು ಅಮ್ಮನ ಕೊರಳಿನ ಟೇಪು ಎಳೆಯುತ್ತಾ ಹೇಳಿದಳು. "ನೀನೂ ಕುಡಿಯಲ್ವಲ್ಲಮ್ಮ."

ಟೇಪಕ್ಕನ ಮೈಯೆಲ್ಲ ಉರಿದುಹೋಯಿತು. ತಾನು ವರ್ಷಗಟ್ಟಲೆ ನುಂಗಿಕೊಂಡು ಬಂದದ್ದನ್ನು ಈ ಚೋಟುದ್ದದ ಜೀವ ಒಂದೇ ವಾರದಲ್ಲಿ ಕಲಿತುಬಿಟ್ಟಿತ್ತು. ಮೇಲೆ ಅದಕ್ಕೊಂದು ನಕ್ಷತ್ರ ಬೇರೆ!

ಮರುದಿನ ರಜೆ ಹಾಕಿ ಮಗುವನ್ನು ಮನೆಯಲ್ಲೇ ಉಳಿಸಿಕೊಂಡಳು. ನರ್ಸರಿ ಬಿಡುವ ಹೊತ್ತಿಗೆ ಚೋಟುವನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಗೇಟಿನಲ್ಲಿ ನಿಂತಳು.

"ಎಲ್ಲರೂ ಒಂದ್ಸಲ ನಿಮ್ಮ ಮಕ್ಕಳ ನೀರಿನ ಬಾಟಲಿ ಎತ್ತಿ ನೋಡಿ" ಎಂದಳು, ಗಿರಾಕಿ ಕರೆಯುವ ಗಂಟಲಿನಲ್ಲಿ.

ಇವಳಿಗೇನು ಹುಚ್ಚು ಎಂದುಕೊಂಡೇ ಒಬ್ಬಳು ಬ್ಯಾಗಿಗೆ ಕೈ ಹಾಕಿದಳು. ಬಾಟಲಿ ಭಾರವಾಗಿತ್ತು. ಪಕ್ಕದವಳದೂ ಭಾರ. ಕನ್ನಡಕದ ಅಜ್ಜನೊಬ್ಬ ಮೊಮ್ಮಗನ ಬಾಟಲಿಯನ್ನು ಬೆಳಕಿಗೆ ಹಿಡಿದು, "ಮುಚ್ಚಳ ಬೆಳಿಗ್ಗೆ ನಾನು ತಿರುಗಿಸಿದ ಹಾಗೇ ಇದೆಯಲ್ಲ!" ಎಂದ. ಹಣೆಯಲ್ಲಿ ನಕ್ಷತ್ರ ಇದ್ದವರ ಬಾಟಲಿಗಳೇ ಹೆಚ್ಚು ತುಂಬಿದ್ದವು.

"ಇದಕ್ಕೇನಾ ಮಿಸ್ ನೀವು ನಕ್ಷತ್ರ ಅಂಟಿಸಿದ್ದು? ಮಕ್ಕಳು ಒಂದಕ್ಕೆ ಹೋಗೋದು ಕಲಿತಿಲ್ಲ. ಬಾಯಾರಿಕೊಂಡು ಕೂರೋದು ಕಲಿತಿದಾವೆ."

ಮಿಸ್ಸಿನ ಮುಖ ಬಿಳುಚಿತು. "ಇರೋದು ಒಬ್ಬಳು ಆಯಾ, ನಾನೊಬ್ಬಳು. ಒಬ್ಬೊಬ್ಬರನ್ನೇ ಕರ್ಕೊಂಡು ಹೋದ್ರೆ ಉಳಿದವರನ್ನ ಯಾರು ನೋಡ್ಕೋತಾರೆ? ಬೆಳಿಗ್ಗೆಯಿಂದ ನಾನೇ ಹೋಗಿಲ್ಲ, ಗೊತ್ತಾ?"

"ಅದೇನು ಹೆಮ್ಮೆ ಪಡೋ ವಿಷಯಾನಾ? ನಿಮಗಾದ ಅನ್ಯಾಯಾನ ಮಕ್ಕಳಿಗೂ ಯಾಕೆ ಹಂಚ್ತೀರಿ?"

ಆಡಿದ ಮಾತು ಟೇಪಕ್ಕನಿಗೇ ಬಂದು ತಾಗಿತು. ಅಷ್ಟರಲ್ಲಿ ಅಜ್ಜ ಮುಂದೆ ಬಂದು, ಇನ್ನೊಬ್ಬ ಆಯಾಳನ್ನು ಇಡುವವರೆಗೆ ತಾನು ಇಲ್ಲಿಂದ ಅಲ್ಲಾಡುವುದಿಲ್ಲವೆಂದು ನರ್ಸರಿಯ ಯಜಮಾನರಿಗೆ ಬುಲಾವು ಕಳಿಸಿದ. ತಾಯಂದಿರೆಲ್ಲ ಅವನ ಹಿಂದೆ ನಿಂತರು. ಇನ್ನೊಬ್ಬ ಆಯಾಳನ್ನು ಇಡುವುದೆಂದೂ, ಬೆಲ್ಲಿಗೆ ಕಾಯಿಸದೆ ಬಂತು ಎಂದಾಗ ಕಳಿಸುವುದೆಂದೂ ಯಜಮಾನರು ಬಂದು ಒಪ್ಪಲೇಬೇಕಾಯಿತು. ಚೋಟುವನ್ನು ನರ್ಸರಿಯಿಂದ ಬಿಡಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಮಾರನೇ ಬೆಳಿಗ್ಗೆ ಶರ್ಟಿನ ಕೌಂಟರಿನಲ್ಲಿ ನಿಂತೇ ಟೇಪಕ್ಕ ಗಟಗಟನೆ ಅರ್ಧ ಬಾಟಲಿ ಕುಡಿದಳು. ಆಮೇಲೆ ಗಿರಾಕಿಗಳ ನಡುವೆಯೇ ಹೋಗಿ ಮ್ಯಾನೇಜರನ ಎದುರು ಕೈ ಚಾಚಿದಳು.

"ಬೀಗದ ಕೈ ಕೊಡಿ ಸಾರ್."

"ಅಂಗಡಿ ತೆಗೆದಾಗ ಹೋಗಿದ್ರಲ್ಲಮ್ಮಾ?"

"ಹೋಗಿದ್ದೆ. ಈಗಲೂ ಹೋಗ್ತೀನಿ, ಮಧ್ಯಾಹ್ನಾನೂ ಹೋಗ್ತೀನಿ. ಬೇಕಾದ್ರೆ ಮೈಕಲ್ಲಿ ಹೇಳಿಸಿ."

ಶರ್ಟು ನೋಡುತ್ತಿದ್ದ ಹೆಂಗಸೊಬ್ಬಳು ಕಿಸಕ್ಕೆಂದಳು. ಮ್ಯಾನೇಜರ್ ಏನೋ ಹುಡುಕುವವನಂತೆ ಡ್ರಾಯರಿನೊಳಗೆ ತಲೆ ತೂರಿಸಿದ. ಟೇಪಕ್ಕ ಮರದ ತುಂಡನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲಿಳಿದಳು.

ಸಂಜೆ ಗೇಟಿನಲ್ಲಿ ಮಿಸ್ಸು ಕವರು ನೀಡಿದಳು. "ಬಂತು ಅಂದ್ಲು. ಓಡಿದ್ವಿ. ಬಾಗಿಲ ಹತ್ತಿರ ಆಗೋಯ್ತು" ಎಂದಳು, ಈ ಸಲ ಮೆಲ್ಲಗೆ. ಟೇಪಕ್ಕ ಕವರು ಇಸಿದುಕೊಂಡು, ಇನ್ನೊಂದು ಕೈಯಲ್ಲಿ ಮಗಳ ಬಾಟಲಿ ಎತ್ತಿ ನೋಡಿದಳು. ಹಗುರವಾಗಿತ್ತು. ಅವಳ ಕಣ್ಣು ತುಂಬಿ ಬಂತು.

ಮನೆಗೆ ಬಂದು ಒದ್ದೆ ಚಡ್ಡಿಯನ್ನು ಜಾಲಿಸಿ, ಬೀದಿಗೆ ಕಾಣುವ ಹಾಗೇ ತಂತಿಯ ಮೇಲೆ ಹರವಿದಳು. ಚೋಟು ಕುಂಡದ ಮೇಲೆ ಇಬ್ಬರ ಬಾಟಲಿಗಳನ್ನೂ ಬೋರಲು ಹಿಡಿದು ಅಲ್ಲಾಡಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ಅಮ್ಮಾ, ಗಿಡಕ್ಕೆ?"

"ಅದಕ್ಕೆ ಬೇರೆ ತರೋಣ ಬಾ" ಎಂದು ಟೇಪಕ್ಕ ನಲ್ಲಿಯ ಕೆಳಗೆ ಚೊಂಬು ಹಿಡಿದಳು.