ತಡವಾಗಿ ಒಣಗುವ ಗೆರೆ

ಶಹಾಬಾದಿನ ನಮ್ಮ ಶಾಲೆಯಲ್ಲಿ ಖಂಡೆಪ್ಪ ವಿಜ್ಞಾನ ಕಲಿಸುತ್ತಿದ್ದ, ನಾನು ಕನ್ನಡ. ಅವನಿಗೆ ಬುದ್ಧಿ ಇತ್ತು, ಲೋಕಜ್ಞಾನ ಮಾತ್ರ ಎಳ್ಳಷ್ಟೂ ಇರಲಿಲ್ಲ. ಇದನ್ನು ಅವನ ಮುಖಕ್ಕೇ ಹೇಳಿದವನು ನಾನು, ಈಗ ಬರೆಯಲು ಯಾಕೆ ಹಿಂಜರಿಯಲಿ?

ಕಪಾಟಿನ ಪುಸ್ತಕ ಇನ್ಸ್‌ಪೆಕ್ಟರು ಬಂದಾಗ ಮಾತ್ರ ಹೊರಗೆ ಬರಬೇಕು ಎಂಬುದು ನಮ್ಮಲ್ಲಿ ಪದ್ಧತಿ. ಇವನು ಬಂದ ವಾರವೇ ಎಲ್ಲವನ್ನೂ ಮಕ್ಕಳ ಕೈಗೆ ಕೊಟ್ಟ. "ಹರೀತಾವಲ್ರೀ" ಎಂದೆ. "ಹರೀಲಿ ಬಿಡ್ರಿ, ಗೆದ್ದಲ ತಿನ್ನೂದಕ್ಕಿಂತ ಛಲೋ" ಅಂದ. ನಿಂಬೆಹಣ್ಣು, ಸುಣ್ಣದ ತಿಳಿ, ಸುಟ್ಟ ಬಲ್ಬು, ಭೂತಗನ್ನಡಿ ಎಲ್ಲ ಅವನ ಚೀಲದಲ್ಲಿ. ಮಕ್ಕಳಿಗೆ ಅವನೆಂದರೆ ಪ್ರಾಣ. ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ.

ಅವನ ಅಚ್ಚುಮೆಚ್ಚಿನವಳು ಏಳನೆಯ ಇಯತ್ತೆಯ ಇಮಾಮ್ಬೀ. ತಂದೆ ಹಾಜಿಮಲಂಗ್ ಚಂದ್ರಾಮಪ್ಪನ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಉಜ್ಜಿ ನುಣುಪು ಮಾಡುತ್ತಿದ್ದ. ಏಳಕ್ಕೇ ಮಗಳನ್ನು ಶಾಲೆ ಬಿಡಿಸುವವನಿದ್ದ. ಖಂಡೆಪ್ಪ ಮೂರು ಸಲ ಅವನ ಮನೆಗೆ ಹೋಗಿ ಕೂತು, ಹೈಸ್ಕೂಲಿಗೆ ಕಳಿಸುತ್ತೇನೆಂದು ಮಾತು ತೆಗೆದುಕೊಂಡು ಬಂದ.

೧೯೭೪ರ ಫೆಬ್ರವರಿಯಲ್ಲಿ ಮಕ್ಕಳಿಗೆ ಹೋಂವರ್ಕ್ ಕೊಟ್ಟ: "ಕಣ್ಣಿಗೆ ಬಿದ್ದ ಐದು ವಸ್ತುವಿನ ಮ್ಯಾಲ ನೀರು ಚಿಮುಕಿಸ್ರಿ. ಯಾವುದು ಲಗೂ ಒಣಗ್ತದ, ಯಾವುದು ತಡಾ, ಬರಕೊಂಡು ಬರ್ರಿ."

ಅಯ್ಯೋ ಮಾರಾಯ! ಕಲ್ಲು ಉಜ್ಜುವವರ ಮಕ್ಕಳಿಗೆ ಕೊಡುವ ಹೋಂವರ್ಕೇ ಇದು? ಚಂದ್ರಾಮಪ್ಪನಲ್ಲಿ ಬಿರುಕು ಬಿಟ್ಟ ಪರ್ಸಿಗೆ ಸುಣ್ಣ, ಕಲ್ಲಿನ ಪುಡಿ ಕಲಸಿ ತುಂಬಿ, ಉಜ್ಜಿ, ಒಳ್ಳೆಯ ಕಲ್ಲಿನ ಜೊತೆ ಸಾಗಿಸುತ್ತಿದ್ದರು. ಒಣಗಿದ್ದಾಗ ಬ್ರಹ್ಮನಿಗೂ ಕಾಣದು.

ಇಮಾಮ್ಬೀ ಕಾರ್ಖಾನೆಗೆ ಅಪ್ಪನ ಬುತ್ತಿ ತಂದವಳು ಅಲ್ಲಿದ್ದ ಕಲ್ಲಿನ ಮೇಲೆಯೇ ನೀರು ಚಿಮುಕಿಸಿ ಕೂತಳು. ಸೊಲ್ಲಾಪುರದ ವ್ಯಾಪಾರಿಯೊಬ್ಬ ಕಲ್ಲು ಆರಿಸುತ್ತಿದ್ದ. ಏನು ಮಾಡುತ್ತಿದ್ದೀ ಎಂದು ಕೇಳಿದ.

"ನೋಡ್ರಿ ಸಾಹೇಬ್ರ, ಕಲ್ಲೆಲ್ಲಾ ಒಣಗ್ತು, ಈ ಗೆರಿ ಅಷ್ಟ ಹಸೀ ಅದ."

ಅವನು ಬಕೆಟ್ಟು ತರಿಸಿ ಆರಿಸಿಟ್ಟ ಕಲ್ಲಿಗೆಲ್ಲ ಸುರಿದ. ಸಾಲುಸಾಲಾಗಿ ಕಪ್ಪು ಗೆರೆಗಳು ಎದ್ದವು. ಒಂದೂ ಕಲ್ಲು ಕೊಳ್ಳದೆ ಖಾಲಿ ಲಾರಿ ಹತ್ತಿ ಹೋದ.

ಚಂದ್ರಾಮಪ್ಪ ಕೂಗಾಡಲಿಲ್ಲ. "ಮಲಂಗ್, ನಿನ್ನ ಮಗಳು ಭಾಳ ಶಾಣ್ಯಾ ಅದಾಳ. ನಾಳಿಂದ ಗೆರಿ ತುಂಬೂದು ಆಕೀನ ಮಾಡಲಿ. ಆಗೂದಿಲ್ಲಂದ್ರ ಇಬ್ಬರೂ ಹೊರಗ" ಎಂದ. ಹಾಜಿಮಲಂಗ್ ಮಗಳನ್ನು ಎಲ್ಲರೆದುರು ಚಪ್ಪಲಿಯಿಂದ ಹೊಡೆದ. ಮರುದಿನ ಅವಳ ಪುಸ್ತಕಗಳನ್ನು ಖಂಡೆಪ್ಪನ ಮೇಜಿನ ಮೇಲೆ ಇಟ್ಟು, ಅವನ ಮುಖ ನೋಡದೆ ಹೋದ.

ಎರಡು ತಿಂಗಳು ಖಂಡೆಪ್ಪ ಒದ್ದಾಡಿದ. ಪರೀಕ್ಷೆಗಾದರೂ ಅವಳನ್ನು ಕೂರಿಸಬೇಕೆಂದು ನನ್ನನ್ನೂ ಎಳೆದುಕೊಂಡು ಕಾರ್ಖಾನೆಗೆ ಹೋದ. ಹುಡುಗಿ ಓಡಿ ಬಂದಳು. ಸುಣ್ಣಕ್ಕೆ ಬೆರಳ ತುದಿಯ ಚರ್ಮ ಸುಲಿದಿತ್ತು. ಮುಖದ ತುಂಬಾ ನಗು.

"ಸರ, ನೀವು ಕಲಿಸಿದಂಗ ಮಾಡೀನ್ರಿ! ಪುಡಿಗಿ ಮೇಣ ಕೂಡಿಸಿದೆ. ಕಮ್ಮಿ ಆದ್ರ ನೀರು ಕುಡೀತದ, ಭಾಳ ಆದ್ರ ಮಿಂಚ್ತದ. ಆರನೇ ಸಲಕ್ಕ ಬರೋಬ್ಬರಿ ಬಂತು. ಈಗ ಎಷ್ಟ ನೀರ ಹೊಡೀರಿ, ಗೆರಿ ಕಾಣಂಗಿಲ್ಲ. ಎಲ್ಲಾ ಬರದಿಟ್ಟೀನಿ, ತಿದ್ದಿ ಕೊಡ್ತೀರೇನ್ರಿ?"

ಹಿಂದಿನಿಂದ ಚಂದ್ರಾಮಪ್ಪ, "ಇಂಥವರನ್ನ ಇನ್ನೂ ಇಬ್ಬರನ್ನ ತಯಾರ ಮಾಡ್ರಿ ಮಾಸ್ತರ" ಎಂದು ನಕ್ಕ. ಹಾಜಿಮಲಂಗ್ ಕೂಡ ನಕ್ಕ. ಪಾಪಿಗಳು!

ಖಂಡೆಪ್ಪ ನಿಂತುಕೊಂಡೇ ಆರೂ ಪ್ರಯೋಗ ಓದಿದ. ಒಂದೂ ತಪ್ಪಿರಲಿಲ್ಲ. ಸಹಿ ಹಾಕಿ ಕೊಟ್ಟ. ಪರೀಕ್ಷೆಯ ಮಾತು ಅವನ ಬಾಯಿಂದ ಹೊರಡಲೇ ಇಲ್ಲ, ನಾನೂ ಎತ್ತಲಿಲ್ಲ.

ಹಿಂದೆಂದೂ ಬರೆಸದ ಅವನು ಮರುದಿನ ತರಗತಿಯಲ್ಲಿ ಪುಸ್ತಕದ ಪ್ರಶ್ನೋತ್ತರ ಬರೆಸುತ್ತಿದ್ದ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅದು ಯಾಕ ಹಂಗ ಆಗ್ತದ್ರಿ ಸರ?" ಎಂದಳು.

"ಬಾಯಿ ಮುಚ್ಚಿ ಕುಂದ್ರು" ಎಂದ ಖಂಡೆಪ್ಪ.